ನೆಗಳವ್ವ ಹಾಕಿದ ಗುರುತು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟ ಮುಟ್ಟಿದರೆ ಕೈಗೆ ಕೆಸರು ಮೆತ್ತುತ್ತಿತ್ತು. ಪ್ರಾಣಿಗಳ ಮೈಯೂ ಅಷ್ಟೇ, ಆಗ ತಾನೇ ಕಲಸಿದ ಜೇಡಿಮಣ್ಣಿನಂತೆ ಮೆತ್ತಗಿತ್ತು.

ಆಗ ಒಂದು ಹೊಳೆಯ ದಂಡೆಯಲ್ಲಿ ನೆಗಳವ್ವ ಇದ್ದಳು. ಲೋಕದ ಮೊಟ್ಟಮೊದಲ ಮೊಸಳೆ ಅವಳೇ. ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಕಾದಳು, ಕಾದಳು. ಒಂದು ಬೆಳಿಗ್ಗೆ ಮರಳಿನೊಳಗಿಂದ 'ಕ್ವೀಂ ಕ್ವೀಂ' ಎಂದು ಸದ್ದು ಬಂತು. ಕೆದಕಿ ನೋಡಿದರೆ ನಲವತ್ತು ಮರಿಗಳು! ನಲವತ್ತಕ್ಕೂ ಒಂದೇ ಮೂತಿ, ಒಂದೇ ಹಲ್ಲು, ಒಂದೇ ಹಸಿವು.

ಒಂದು ಮೀನು ಬಂದರೆ ನಲವತ್ತು ಬಾಯಿ ಒಟ್ಟಿಗೇ ತೆರೆಯುತ್ತಿದ್ದವು.

"ಅವ್ವಾ, ಇವನು ನನ್ನ ಮೀನು ನುಂಗಿದ!"

"ಅವ್ವಾ, ಇವಳು ನನ್ನ ಬಾಲ ಕಚ್ಚಿದಳು!"

ಕೆಲವೇ ದಿನಗಳಲ್ಲಿ ಆ ದಂಡೆಯ ಸಣ್ಣ ಮೀನೆಲ್ಲ ಮುಗಿಯಿತು. ಮಕ್ಕಳು ಸೊರಗಿದರು. ಎಲ್ಲರಿಗಿಂತ ಚಿಕ್ಕವಳಾದ ನಾಚಿಗೆ ಅಳುವುದಕ್ಕೂ ಶಕ್ತಿ ಉಳಿಯಲಿಲ್ಲ. ನೆಗಳವ್ವ ಹೊಳೆಯ ಕಡೆ ತಿರುಗಿದಳು.

"ಹೊಳೆಯಮ್ಮಾ, ನಿನ್ನ ಮನೆಯಲ್ಲಿ ಅನ್ನ ತೀರಿಹೋಯಿತೇ?" ಎಂದು ಕೇಳಿದಳು.

ಹೊಳೆ ಗುಳುಗುಳು ನಕ್ಕಿತು. "ತೀರುವುದುಂಟೇ ಮಗಳೇ? ಮಡುವಿನಲ್ಲಿ ಚುರುಕು ಮೀನಿದೆ. ಕೆಸರಿನಲ್ಲಿ ಆಮೆ ಇದೆ. ದಡದಲ್ಲಿ ಎಳೆ ಸೊಪ್ಪಿದೆ. ನನ್ನ ಆ ತುದಿಗೆ ಕಡಲೇ ಇದೆ. ಎಲ್ಲರೂ ಒಂದೇ ಬಾಯಿ ಹೊತ್ತು ಒಂದೇ ಎಲೆಗೆ ಬಂದು ಕೂತರೆ ಹೇಗೆ? ಮೈ ಇನ್ನೂ ಹಸಿ ಇದೆ. ಬಿಸಿಲೇರುವ ಮೊದಲು ತಿದ್ದಿಬಿಡು."

"ಮುಖ ಬದಲಾಗಿ, ದಿಕ್ಕಿಗೊಬ್ಬರು ಹೋದ ಮೇಲೆ ನನ್ನ ಮಕ್ಕಳನ್ನು ನಾನು ಹೇಗೆ ಗುರುತಿಸಲಿ?"

"ಮೊದಲು ಹೊಟ್ಟೆ ತುಂಬಲಿ. ಗುರುತಿನ ಮಾತು ಆಮೇಲೆ," ಎಂದಿತು ಹೊಳೆ.

ನೆಗಳವ್ವ ಮಕ್ಕಳನ್ನು ಸಾಲಾಗಿ ಕೂರಿಸಿದಳು. "ಯಾರಿಗೆ ಏನು ತಿನ್ನಬೇಕೋ ಹೇಳಿ."

"ನನಗೆ ಮಡುವಿನ ಮೀನು!" ಎಂದ ನೀಳಪ್ಪ. ಅವ್ವ ಅವನ ಮೂತಿ ಹಿಡಿದು ಎಳೆದಳು. "ಇನ್ನೂ ಎಳಿ ಅವ್ವಾ, ಇನ್ನೂ!" ಮೂತಿ ಇಕ್ಕಳದಷ್ಟು ಉದ್ದವಾಯಿತು. ಕೈಯಲ್ಲಿ ಒಂದು ಉಂಡೆ ಮಣ್ಣು ಮಿಕ್ಕಿತು. ಅದನ್ನೂ ಮೂಗಿನ ತುದಿಗೇ ಪುಟ್ಟ ಕುಡಿಕೆಯ ಹಾಗೆ ಅಂಟಿಸಿದಳು.

"ನನಗೆ ಸಿಕ್ಕಿದ್ದೆಲ್ಲ ಬೇಕು!" ಎಂದಳು ಕಿಸಕ್ಕ. ಅವ್ವ ಅವಳ ಮೂತಿಯನ್ನು ತಟ್ಟಿ ತಟ್ಟಿ ಅಗಲ ಮಾಡಿದಳು. ಕಚಗುಳಿಯಾಗಿ ಕಿಸಕ್ಕ ಹಲ್ಲು ಕಿರಿದು ನಕ್ಕಳು. ಅಷ್ಟರಲ್ಲಿ ಅವಳ ಮೂತಿಯ ಮೇಲಷ್ಟೇ ಒಂದು ಎಳೆ ಬಿಸಿಲು ಬಿತ್ತು, ಅಲ್ಲಿನ ಮಣ್ಣು ಒಣಗಿತು. ಹಲ್ಲುಗಳು ಹೊರಗೇ ಉಳಿದವು!

ಅದನ್ನು ನೋಡಿ ನಾಚಿ ಪಿಸುಗುಟ್ಟಿದಳು, "ಅವ್ವಾ, ಬಾಯಿ ಮುಚ್ಚಿದಾಗ ನನ್ನ ಕೆಳಗಿನ ಹಲ್ಲು ಯಾರಿಗೂ ಕಾಣಬಾರದು." ಅವ್ವ ಅವಳ ಮೇಲ್ದವಡೆಯನ್ನು ಅಗಲಿಸಿ, ಕೆಳಗಿನ ಹಲ್ಲಿನ ಮೇಲೆ ಮುಚ್ಚಳದಂತೆ ಇಳಿಸಿದಳು.

ಸೊಪ್ಪು ಕೇಳಿದವನಿಗೆ ಅಗಿಯುವ ಹಲ್ಲು. ಓಡುತ್ತೇನೆ ಎಂದವಳಿಗೆ ಉದ್ದ ಕಾಲು. ಕಡಲು ಕೇಳಿದವನಿಗೆ ದೋಣಿಯ ಹುಟ್ಟಿನಂಥ ಕೈಕಾಲು, ಮೀನಿನಂಥ ಬಾಲ. ನಲವತ್ತು ಮಕ್ಕಳಿಗೆ ನಲವತ್ತು ಮುಖ!

ಹೊರಟು ನಿಂತ ಮಕ್ಕಳನ್ನು ಕಂಡು ನೆಗಳವ್ವನಿಗೆ ಗುರುತಿನ ಮಾತು ನೆನಪಾಯಿತು. "ನಿಲ್ಲಿ, ನಿಲ್ಲಿ! ಬೆನ್ನು ಇನ್ನೂ ಹಸಿ ಇದೆ!" ಒಬ್ಬೊಬ್ಬರನ್ನೇ ಹಿಡಿದು, ಕರಿಗಡುಬಿನ ಅಂಚು ಚಿವುಟುವಂತೆ, ಕತ್ತಿನಿಂದ ಬಾಲದವರೆಗೆ ಸಾಲು ಸಾಲಾಗಿ ಬೆನ್ನು ಚಿವುಟಿದಳು. ಮಕ್ಕಳು "ಅಯ್ಯಯ್ಯೋ!" ಎನ್ನುತ್ತಾ ನಗುನಗುತ್ತಾ ಓಡಿದರು.

ಕಡಲಿನವನು ಮಾತ್ರ ಆಗಲೇ ನೀರಿಗೆ ಜಾರಿದ್ದ. "ಮಗಾ, ಬೆನ್ನು!" ಎಂದು ಕೂಗಿದಳು. "ಬಂದೆ ಅವ್ವಾ!" ಎಂದ. ಬರಲಿಲ್ಲ. ಅವನ ಬೆನ್ನು ನುಣುಪಾಗಿಯೇ ಉಳಿಯಿತು.

ಎಷ್ಟೋ ಯುಗಗಳು ಹರಿದವು. ಕಡಲಿನವನ ವಂಶ ಕಡಲಲ್ಲೇ ಮುಗಿಯಿತು. ಆಮೇಲೆ ಒಂದು ದಿನ ಆಕಾಶವೆಲ್ಲ ದೂಳಾಗಿ ಸೂರ್ಯ ಅಡಗಿಹೋದ. ಸೊಪ್ಪು ಒಣಗಿತು, ಓಡುವವಳಿಗೆ ಬೇಟೆ ಸಿಗಲಿಲ್ಲ. ಅಂಥವರೆಲ್ಲ ಮಲಗಿದರು. ಹೊಳೆ ಅವರನ್ನು ಮಣ್ಣು ಹೊದಿಸಿ, ಕಲ್ಲು ಮಾಡಿ, ತನ್ನ ದಡದಲ್ಲಿ ಜೋಪಾನವಾಗಿ ಇಟ್ಟುಕೊಂಡಿತು. ನೀರಿನಲ್ಲಿ ಅಲುಗಾಡದೆ ಬಿದ್ದುಕೊಂಡು ಹಸಿವು ತಡೆದವರು ಉಳಿದರು.

ಮತ್ತೆ ಬಿಸಿಲು ಬಂದ ದಿನ ಮೂವರು ಈಜಿ ಬಂದು ದಂಡೆ ಹತ್ತಿದರು. ಒಬ್ಬನದು ಉದ್ದ ಮೂತಿ, ಒಬ್ಬಳದು ಅಗಲ, ಒಬ್ಬಳದು ಕೆಳಗಿನ ಹಲ್ಲು ಕಾಣದ ಬಾಯಿ.

"ಯಾರಪ್ಪಾ ನೀವು?" ಎಂದಳು ನೆಗಳವ್ವ. ಅವಳ ಕಣ್ಣು ಮಂಜಾಗಿತ್ತು.

ಮೂವರೂ ಬೆನ್ನು ತಿರುಗಿಸಿ ಕೂತರು. ಅವಳು ಬೆರಳಾಡಿಸಿದಳು. ಉಬ್ಬು, ಉಬ್ಬು, ಉಬ್ಬು.

"ಅಯ್ಯೋ, ನನ್ನ ಕೂಸುಗಳೇ!"

ಹೊಳೆ ದಡ ಮೀರಿ ಕುಣಿಯಿತು. ಕಿಸಕ್ಕ ಮೊದಲಿಗಿಂತ ಜೋರಾಗಿ ನಕ್ಕಳು.

ಅದಕ್ಕೇ ಕಂದಾ, ಮೊಸಳೆಗಳ ಮೂತಿ ಊರಿಗೊಂದು ನಮೂನೆ ಇದ್ದರೂ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿದಾಗ ನೋಡು, ಬೆನ್ನಿನ ಮೇಲೆ ಚಿವುಟಿದ ಗುರುತು ಇಂದಿಗೂ ಎಲ್ಲಕ್ಕೂ ಒಂದೇ.