ಒಣ ಕೈ ಕೇಳಿದ ಒಲೆ

ಪಂಕಜಾಕ್ಷಿಯ ಅಡುಗೆಮನೆಗೆ ಹೊಸ ಇಂಡಕ್ಷನ್ ಒಲೆ ಬಂತು. ಕನ್ನಡಿಯಂಥ ಮೈ. ತಿರುವುವ ಗುಂಡಿಯಿಲ್ಲ, ಬೆರಳು ತಾಗಿಸಿದರೆ ಸಾಕು. ಇಷ್ಟು ನಯವಾದವರು ಬಂದ ಮೇಲೆ ತನಗಿನ್ನೇನು ಕೆಲಸವೆಂದು ಗೋಡೆಯ ಮೊಳೆಗೆ ನೇತುಬಿದ್ದಿದ್ದ ಹಳೆಯ ಇಕ್ಕಳ ಮಂಕಾಯಿತು.

ಮರುದಿನ ಬೆಳಿಗ್ಗೆ ಒಲೆಯ ಮೇಲಿದ್ದ ಹಾಲು ಉಕ್ಕತೊಡಗಿತು. ಮನೆಗೆಲ್ಲ ಇದ್ದದ್ದು ಅಷ್ಟೇ ಹಾಲು. ಅಕ್ಕಿ ತೊಳೆಯುತ್ತಿದ್ದ ಪಂಕಜಾಕ್ಷಿ ಓಡಿಬಂದು ಒಲೆಯನ್ನು ಒತ್ತಿದಳು. ಆರಲಿಲ್ಲ. ಮತ್ತೆ ಒತ್ತಿದಳು.

"ಒದ್ದೆ ಬೆರಳನ್ನು ನಾನು ಗುರುತಿಸುವುದಿಲ್ಲ. ಅಮ್ಮನವರು ಕೈ ಒರೆಸಿಕೊಂಡು ಬರಲಿ," ಎಂದಿತು ಒಲೆ.

"ಅಷ್ಟು ಹೊತ್ತು ಹಾಲು ಕಾಯುತ್ತದೆಯೇ?" ಎಂದು ಇಕ್ಕಳ ರೇಗಿತು.

"ಧಾರಾಳವಾಗಿ. ಕಾಯಿಸುವುದೇ ನನ್ನ ಕೆಲಸ."

ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಹರಿದ ಹಾಲನ್ನೇ ಬೆರಳೆಂದು ತಿಳಿದ ಒಲೆ ಕಾವನ್ನು ಇನ್ನಷ್ಟು ಏರಿಸಿತು.

"ಥೂ, ನಿನ್ನ ಮನೆ ಹಾಳಾಗ!" ಎಂದು ಪಂಕಜಾಕ್ಷಿ ಮೊಳೆಯಿಂದ ಇಕ್ಕಳವನ್ನು ಸೆಳೆದುಕೊಂಡಳು. ಕೈ ಒದ್ದೆಯೋ ಒಣಗಿದೆಯೋ ಎಂದು ಇಕ್ಕಳ ಕೇಳಲಿಲ್ಲ. ಪಾತ್ರೆಯ ಅಂಚನ್ನು ಕಚ್ಚಿ ಹಿಡಿದು ಮೇಲೆತ್ತಿತು. ಪಾತ್ರೆ ಎದ್ದದ್ದೇ ತಡ, ಮೇಲೆ ಪಾತ್ರೆಯಿಲ್ಲದೆ ನಡೆಯದ ಒಲೆ ಕುಂಯ್ ಎಂದು ಸುಮ್ಮನಾಯಿತು. ಅರ್ಧ ಹಾಲು ಉಳಿಯಿತು.

"ತಪ್ಪು ನನ್ನದಲ್ಲ," ಎಂದಿತು ಒಲೆ, ಮೈ ಒರೆಸಿಸಿಕೊಳ್ಳುತ್ತ. "ನನ್ನನ್ನು ಮಾಡಿದವರು ಸಾವಿರ ಸಲ ಮುಟ್ಟಿ ನೋಡಿದ್ದಾರೆ. ನಾನು ಒಮ್ಮೆಯೂ ತಪ್ಪಲಿಲ್ಲ."

"ಮುಟ್ಟಿದ್ದಾರೆ, ಸರಿ," ಎಂದಿತು ಮೊಳೆಗೆ ಮರಳಿದ ಇಕ್ಕಳ. "ಅವರಲ್ಲಿ ಯಾರಾದರೂ ಅಡುಗೆ ಮಾಡಿದ್ದಾರೆಯೇ?"