ಮೂರನೆಯ ಚಾಸಿ

ಶಾಂತಮಲ್ಲನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಬುದ್ಧಿ, ಒಂದು ವರ್ಷದಿಂದ ನನ್ನ ಮನಸ್ಸು ನೆಟ್ಟಗಿಲ್ಲ. ತಿಳಿದವರು ಮೂವರನ್ನು ಕೇಳಿದೆ. ಒಬ್ಬರು ಜಪ ಸಾಲದು ಎಂದರು. ಒಬ್ಬರು ಜಪವೇ ಹೆಚ್ಚಾಯಿತು ಎಂದರು. ಇನ್ನೊಬ್ಬರು ನನ್ನಂಥವನನ್ನು ತಾವು ಕಂಡೇ ಇಲ್ಲ ಎಂದರು. ಯಾರ ಮಾತು ನಂಬಲಿ?"

ಗುರುಗಳು ನಕ್ಕರು. ನಿನ್ನದು ಆ ರೈತನ ಗಾಡಿಯ ಪಾಡಾಯಿತಲ್ಲಪ್ಪ ಎಂದು ಕತೆ ಹೇಳತೊಡಗಿದರು.

ಬೆಟ್ಟದ ಮೇಲಿನ ಊರಿನಲ್ಲಿ ಒಬ್ಬ ರೈತನಿದ್ದ. ಅವನ ಬಳಿ ಹಳೆಯ ಕಾಲದ ಒಂದು ಪಿಕಪ್ ಗಾಡಿ. ನಾಲ್ಕೂ ಚಕ್ರಕ್ಕೆ ಬಲ ಹೋಗುವಂಥದ್ದು. ಮಿಲಿಟರಿಯವರು ಹರಾಜು ಹಾಕಿದಾಗ ತಂದದ್ದು. ಬೇರೆ ಗಾಡಿಗಳು ಅರ್ಧ ದಾರಿಯಲ್ಲೇ ಕೈ ಮುಗಿದು ಹಿಂದಿರುಗುವ ಏರನ್ನು ಅದು ಗೊಣಗುತ್ತ ಗೊಣಗುತ್ತ ಹತ್ತಿಬಿಡುತ್ತಿತ್ತು. ಊರಿನ ಅವರೆಕಾಯಿ ಇಳಿಯುವುದೂ ಅದರಲ್ಲೇ, ಬಸುರಿಯರು, ಮುದುಕರು, ಮಕ್ಕಳು ಇಳಿಯುವುದೂ ಅದರಲ್ಲೇ. ಅವನು ಓಡಿಸಿದರೆ ಕಣ್ಣು ಮುಚ್ಚಿ ಕೂರಬಹುದು ಎಂದು ಊರೆಲ್ಲ ಹೇಳುತ್ತಿತ್ತು. ಆ ಮಾತೆಂದರೆ ಅವನಿಗೆ ಪ್ರಾಣ.

ಒಂದು ಸಲ, ಅವರೆಕಾಯಿ ಕೀಳುವ ದಿನಗಳಲ್ಲೇ, ಗಾಡಿ ಬೆಟ್ಟದ ಬುಡದಲ್ಲಿ ಕೆಟ್ಟು ನಿಂತಿತು. ಗೇರಿನ ಪೆಟ್ಟಿಗೆಯಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟ್ ಮುರಿದಿತ್ತು. ಬಿಡಿಭಾಗ ಮಾರುವ ವ್ಯಾಪಾರಿ, ಈ ಗಾಡಿಯ ಅಡಿಯ ಚೌಕಟ್ಟು, ಅದೇ ಚಾಸಿ, ಎರಡು ಬಗೆಯಲ್ಲಿ ಬರುತ್ತಿತ್ತು, ಒಂದು ಉದ್ದ, ಒಂದು ಗಿಡ್ಡ, ನಿನ್ನದು ಯಾವುದು ಎಂದು ಕೇಳಿದ. ರೈತನಿಗೆ ತಿಳಿಯದು. ಚಾಸಿಯ ನಂಬರು ಕೊರೆದಿದ್ದ ಜಾಗದಲ್ಲಿ ಬಣ್ಣದ ಮೇಲೆ ಬಣ್ಣ ಕೂತಿತ್ತು. ಕೆರೆದು ನೋಡಿದರೆ ಮೂರೇ ಅಂಕಿ, ಅದರಲ್ಲೂ ಒಂದು ಮೂರೋ ಎಂಟೋ ಗೊತ್ತಾಗುವಂತಿರಲಿಲ್ಲ.

ಮೊದಲನೆಯ ಮೆಕ್ಯಾನಿಕ್ ಬಂದ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿದು ಅಳೆದು, ಉದ್ದ ಚಾಸಿ ಎಂದ. ಉದ್ದದ ಶಾಫ್ಟ್ ತಂದರು. ಎಷ್ಟು ಒದ್ದಾಡಿದರೂ ಅದು ಒಳಗೆ ಹಿಡಿಯಲಿಲ್ಲ. ಎರಡನೆಯವನು ಬಂದು ತಾನೂ ಅಳೆದ. ಗಿಡ್ಡ ಚಾಸಿ ಎಂದ. ಮೊದಲಿನವನಿಗೆ ಟೇಪು ಹಿಡಿಯಲೂ ಬರುವುದಿಲ್ಲ ಎಂದು ಒಂದು ಮಾತು ಸೇರಿಸಿದ. ಗಿಡ್ಡದ ಶಾಫ್ಟ್ ತಂದರು. ಅದು ಎರಡು ಬೆರಳು ಸಾಲದೆ ಹೋಯಿತು. ಇಬ್ಬರೂ ಪ್ರಾಮಾಣಿಕರೇ. ಒಬ್ಬ ಎಡಮಗ್ಗುಲು ಅಳೆದಿದ್ದ, ಒಬ್ಬ ಬಲಮಗ್ಗುಲು. ಎರಡೂ ಮಗ್ಗುಲು ಅಳೆದು ನೋಡುವಷ್ಟು ಬಿಡುವು ಯಾವ ಮೆಕ್ಯಾನಿಕ್ಕಿಗೆ ಇರುತ್ತದೆ, ನೀನೇ ಹೇಳು.

ಅಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಮೇಲೆ ಕಿತ್ತಿಟ್ಟ ಕಾಯಿ ಬಾಡುತ್ತಿತ್ತು. ಸಂತೆಗೂ ಆಸ್ಪತ್ರೆಗೂ ನಡೆದೇ ಇಳಿದು ಬಂದಿದ್ದ ಊರಿನವರು ಗಾಡಿಯ ಸುತ್ತ ಕೂತು ಕಾಯುತ್ತಿದ್ದರು. ರೈತನ ಹೆಂಡತಿಯೂ ಜ್ವರ ಬಂದ ಮೊಮ್ಮಗಳಿಗೆ ಔಷಧಿ ಕೊಡಿಸಿಕೊಂಡು ಅಲ್ಲೇ ಕೂತಿದ್ದಳು. ರೈತನಿಗೆ ತಲೆಬುಡ ತಿಳಿಯದಾಯಿತು.

ಮೂರನೆಯವನು ಲೇತ್ ಅಂಗಡಿಯ ಮುದುಕ. ಗಾಡಿಯ ಕೆಳಗೆ ನುಸುಳಿ ಈ ಮಗ್ಗುಲು ಅಳೆದ, ಆ ಮಗ್ಗುಲು ಅಳೆದ, ಮತ್ತೆ ಈ ಮಗ್ಗುಲು ಅಳೆದ. ಎದ್ದು ಕೂತು ಮೆಲ್ಲಗೆ ಕೇಳಿದ: "ಈ ಗಾಡಿ ಎಲ್ಲಾದರೂ ಬಿದ್ದಿತ್ತೇನಪ್ಪ?"

ಬಿದ್ದಿತ್ತು. ಎರಡು ವರ್ಷದ ಹಿಂದೆ, ರೈತ ಒಬ್ಬನೇ ಬರುವಾಗ ತೂಕಡಿಸಿ ಹಳ್ಳಕ್ಕೆ ಉರುಳಿಸಿದ್ದ. ದೂರದ ಪಟ್ಟಣದಲ್ಲಿ ಸೊಟ್ಟಗಾದ ಚಾಸಿಯನ್ನು ಎಳೆಸಿ, ಬೆಸುಗೆ ಹಾಕಿಸಿ, ಬಣ್ಣ ಬಳಿಸಿಕೊಂಡು ಬಂದು, ಎಂಜಿನ್ ಕೆಲಸ ಇತ್ತು ಎಂದಿದ್ದ. ಹೆಂಡತಿಗೂ ಹೇಳಿರಲಿಲ್ಲ. ಈಗ ಇಷ್ಟು ಜನ ತನ್ನ ಬಾಯನ್ನೇ ನೋಡುತ್ತಿದ್ದಾರೆ. ನಾಳೆ ಇವರಲ್ಲಿ ಯಾರು ತನ್ನ ಹಿಂದೆ ಕಣ್ಣು ಮುಚ್ಚಿ ಕೂರುತ್ತಾರೆ?

"ಇಲ್ಲ" ಎಂದ.

ಮುದುಕ ನಂಬಿದ. ತನ್ನ ಗಾಡಿಯ ಬಗ್ಗೆ ತಾನೇ ಸುಳ್ಳು ಹೇಳುವವನು ಇರುತ್ತಾನೆಂದು ಅವನಿಗೇನು ಗೊತ್ತು, ಪಾಪ. ಹಾಗಾದರೆ ಇದು ಉದ್ದವೂ ಅಲ್ಲ, ಗಿಡ್ಡವೂ ಅಲ್ಲ, ಮೂರನೆಯ ಬಗೆಯ ಚಾಸಿ, ಮಿಲಿಟರಿಯವರು ಯಾವುದೋ ಕೆಲಸಕ್ಕೆಂದೇ ಹೀಗೆ ಒಂದು ಕಡೆ ಗಿಡ್ಡ ಮಾಡಿಸಿರಬೇಕು ಎಂದು ತೀರ್ಮಾನಿಸಿದ. ಆ ಅಳತೆಗೇ ಒಂದು ಶಾಫ್ಟ್ ಮಾಡಿ ಕೂರಿಸಿದ. ಅದು ಕೂತಿತು.

ಊರಿನವರಿಗೆ ಹಿಗ್ಗೋ ಹಿಗ್ಗು. ಇಂಥ ಗಾಡಿ ಇಡೀ ಜಿಲ್ಲೆಯಲ್ಲೇ ಇಲ್ಲ ಎಂದು ಒಬ್ಬ, ದೇಶದಲ್ಲೇ ಇಲ್ಲ ಎಂದು ಇನ್ನೊಬ್ಬ. ರೈತ ಹೌದು ಹೌದು ಎಂದು ತಲೆಯಾಡಿಸಿದ. ಆಡಿಸುತ್ತ ಆಡಿಸುತ್ತ ಅವನಿಗೇ ಗೊಂದಲ ಹತ್ತಿತು. ಹಳ್ಳಕ್ಕೆ ಬೀಳುವ ಮುಂಚೆಯೂ ಗಾಡಿ ಒಂದಿಷ್ಟು ಬಲಕ್ಕೆ ಎಳೆಯುತ್ತಿರಲಿಲ್ಲವೇ? ಅದು ಹುಟ್ಟಿದ್ದೇ ಹಾಗಿರಬಾರದೇಕೆ? ಅಂದು ಬೆಸುಗೆ ಹಾಕಿದ್ದು ಚಾಸಿಗೋ, ಬಂಪರಿಗೋ? ಇನ್ನೊಂದು ಗಳಿಗೆ ಕಳೆದಿದ್ದರೆ ತಾನು ಬಿದ್ದೇ ಇಲ್ಲವೆಂದು ಅವನು ಒಪ್ಪಿಬಿಡುತ್ತಿದ್ದ. ಆದರೂ ಮನಸ್ಸು ತಡೆಯದೆ ಬಗ್ಗಿ ಒಮ್ಮೆ ಕೆಳಗೆ ನೋಡಿದ. ಬೆಸುಗೆ ಇದ್ದದ್ದು ಚಾಸಿಗೇ. ಅದರ ಪಕ್ಕದಲ್ಲಿ ಬಣ್ಣ ಒಡೆದು, ಕೂದಲೆಳೆಯಷ್ಟು ತೆಳ್ಳಗೆ ಒಂದು ಬಿರುಕು ಬಿಟ್ಟಿತ್ತು.

ಅವನು ಎದ್ದು ನಿಲ್ಲುವ ಹೊತ್ತಿಗೆ ಊರಿನವರೆಲ್ಲ ಗಾಡಿ ಹತ್ತಿ ಕೂತಿದ್ದರು. ಹೆಂಡತಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಇನ್ನೇನು ಹೊರಡೋಣ ಎಂದಳು. ರೈತ ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದುಕೊಂಡು ಅವರೆಲ್ಲರ ಮುಖ ನೋಡಿದ. ಬಾಯಿ ತೆರೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಾಂತಮಲ್ಲನಿಗೆ ತಡೆಯಲಾಗಲಿಲ್ಲ. "ಹೇಳಿದನೇ ಬುದ್ಧಿ?"

"ಅದಿರಲಿ, ನೀನು ಬಿದ್ದದ್ದು ಎಲ್ಲಿ?" ಎಂದರು ಗುರುಗಳು.