ಸೂಜವ್ವನ ಬೇರಿನ ಗಂಧ

ಬಿದಿರುಮೆಳೆಗಳ ನಡುವೆ ಸಣ್ಣ ಹಳ್ಳ ಹರಿಯುವ ಕಾಡೊಂದರಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ನೆಲ ಕೆದರಿ ಬೇರು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಆ ಕಾಡಿನವರು ಹಳೆಯ ಕಥೆಯೊಂದನ್ನು ಹೇಳುತ್ತಿದ್ದರು. ಬಹಳ ಹಿಂದೆ ಕಾಡ್ಗಿಚ್ಚಿಗೆ ಬೆದರಿದ ಆನೆಮರಿಯೊಂದು ಹಾಲು ಕುಡಿಯುವುದನ್ನೇ ಬಿಟ್ಟಿತ್ತಂತೆ. ಆಗ ಮುಳ್ಳುಹಂದಿಯೊಂದು ಲಾವಂಚದ ಬೇರು, ದವನ, ಕಾಡು ಅರಿಶಿನ ಅರೆದು ಅದರ ಹಣೆಗೆ ಹಚ್ಚಿತಂತೆ. ಆ ಪರಿಮಳಕ್ಕೆ ಮರಿಯ ನಡುಕ ನಿಂತಿತಂತೆ. ಆದರೆ ಯಾವುದನ್ನು ಎಷ್ಟು ಹಾಕಬೇಕೆಂದು ಯಾರಿಗೂ ನೆನಪಿರಲಿಲ್ಲ.

ಅದನ್ನು ಕಂಡುಹಿಡಿಯಲೇಬೇಕೆಂದು ಸೂಜವ್ವ ಹಟ ಹಿಡಿದಳು. ಮೊದಲ ಸಲ ಅರೆದದ್ದರಿಂದ ಬರೀ ಮಣ್ಣಿನ ವಾಸನೆ ಬಂತು. ಇನ್ನೊಂದು ಸಲ ಮೊಲಗಳೆಲ್ಲ ಸೀನುತ್ತಾ ಓಡಿದವು. ಮೂರು ಬೇಸಿಗೆ ಕಳೆದ ಮೇಲೆ, ಒಂದು ಬೆಳಿಗ್ಗೆ ಅವಳ ಸೋರೆಬುರುಡೆಯಿಂದ ತಂಪಾದ ಪರಿಮಳ ಎದ್ದಿತು. ಮೇಲೆ ಜಗಳವಾಡುತ್ತಿದ್ದ ಗಿಳಿಗಳೂ ಸುಮ್ಮನಾದವು.

ಅದೇ ವಾರ ಸಿಡಿಲು ಬಡಿದು ದೊಡ್ಡ ಮರವೊಂದು ಉರುಳಿತು. ಜಿಂಕೆ ಹೊನ್ನಿಯ ಮರಿ ಬೆದರಿ ನಡುಗತೊಡಗಿತು. ಎರಡು ದಿನವಾದರೂ ಹಾಲಿಗೆ ಬಾಯಿ ಹಾಕಲಿಲ್ಲ.

"ಸೂಜಕ್ಕ, ನೀನೇ ಏನಾದರೂ ಮಾಡಬೇಕು," ಎಂದು ಹೊನ್ನಿ ಕಣ್ಣೀರಿಟ್ಟಳು.

"ಇರು, ಬುರುಡೆ ತರ್ತೀನಿ," ಎಂದು ಸೂಜವ್ವ ಬಿಲಕ್ಕೆ ಹೋದಳು. ಬುರುಡೆ ಅಲ್ಲಿರಲಿಲ್ಲ.

ಪರಿಮಳದ ಜಾಡು ಹಿಡಿದು ಓಡಿದರೆ, ಅದು ಅತ್ತಿಮರದ ಕೆಳಗಿತ್ತು. ಪುನುಗುಬೆಕ್ಕು ಗಂಧಣ್ಣ ಅದನ್ನು ಮುಂದಿಟ್ಟುಕೊಂಡು ಬಂಡೆಯ ಮೇಲೆ ಕೂತಿದ್ದ. "ಹಳೇ ಕಥೆಯ ಗಂಧ. ನಾನೇ ಕಂಡುಹಿಡಿದದ್ದು. ಒಂದು ಗೊಂಚಲು ಹಣ್ಣು ಕೊಟ್ಟರೆ ಹಣೆಗೊಂದು ಬೊಟ್ಟು," ಎಂದು ಕೂಗುತ್ತಿದ್ದ. ಪ್ರಾಣಿಗಳು ಸಾಲುಗಟ್ಟಿ ನಿಂತಿದ್ದವು.

"ಗಂಧಣ್ಣ, ಅದು ನನ್ನದು," ಎಂದಳು ಸೂಜವ್ವ ಏದುಸಿರು ಬಿಡುತ್ತಾ.

"ನೋಡವ್ವ, ನಾನು ಹುಟ್ಟಿದ್ದೇ ಪರಿಮಳದ ಜೊತೆ. ಮೈತುಂಬ ಮುಳ್ಳು ಹೊತ್ತವಳಿಗೆ ಗಂಧದ ವಿಷಯ ಏನು ಗೊತ್ತು?"

ಎಲ್ಲರೂ ನಕ್ಕರು. ಸಿಟ್ಟಿಗೆ ಸೂಜವ್ವನ ಮುಳ್ಳುಗಳೆಲ್ಲ ನಿಮಿರಿದವು. ಆದರೆ ಇವನ ಜೊತೆ ವಾದಕ್ಕೆ ನಿಂತರೆ ಮರಿಯ ಗತಿಯೇನು ಎನಿಸಿತು. ಅವಳು ತಿರುಗಿ ನೇರವಾಗಿ ಹಳ್ಳದ ದಂಡೆಗೆ ಹೋಗಿ ಮತ್ತೆ ಬೇರು ಅಗೆಯತೊಡಗಿದಳು.

ಇತ್ತ ಬುರುಡೆ ಬರಿದಾಗುತ್ತಾ ಬಂತು. ಸಾಲು ಮಾತ್ರ ಕರಗಲಿಲ್ಲ. ಗಂಧಣ್ಣ ಬಂಡೆಯ ಹಿಂದೆ ಹೋಗಿ ಕೊಳೆತ ಹಲಸಿನ ಹಣ್ಣು, ಜೇನುತುಪ್ಪ ಕಲಸಿ ಬುರುಡೆ ತುಂಬಿಸಿದ. ಇನ್ನಷ್ಟು ಮಂದಿ ಬರಲೆಂದು ತನ್ನ ಮೈಗೂ ಧಾರಾಳವಾಗಿ ಬಳಿದುಕೊಂಡ.

ಸ್ವಲ್ಪ ಹೊತ್ತಿಗೆ ಸಿಹಿಯ ವಾಸನೆಗೆ ಕೆಂಪು ಚಿಗಳಿ ಇರುವೆಗಳು ಮರದಿಂದ ಸಾಲಾಗಿ ಇಳಿದವು. ಈ ಹೊಸ ಬೊಟ್ಟಿಟ್ಟುಕೊಂಡವರೆಲ್ಲ ಹಣೆ ಕೆರೆದುಕೊಂಡರು. ಅಷ್ಟರಲ್ಲಿ ಕರಡಿ ದುಂಡಪ್ಪ ಮೂಗರಳಿಸುತ್ತಾ ಬಂದು ಗಂಧಣ್ಣನನ್ನು ಅಪ್ಪಿ ಹಿಡಿದು ತಲೆಯಿಂದ ಬಾಲದವರೆಗೂ ನೆಕ್ಕತೊಡಗಿದ.

"ಬಿಡೋ ಮಾರಾಯ, ಅದು ಬೇರಿನ ಗಂಧ," ಎಂದು ಗಂಧಣ್ಣ ಒದ್ದಾಡಿದ.

"ಬೇರೂ ಇಲ್ಲ, ಗೀರೂ ಇಲ್ಲ. ಇದು ಜೇನು, ಜೊತೆಗೆ ಹಲಸು. ತಿನ್ನೋ ವಿಷಯದಲ್ಲಿ ನನಗೆ ಪಾಠ ಹೇಳಬೇಡ," ಎಂದು ದುಂಡಪ್ಪ ನೆಕ್ಕುವುದನ್ನು ಮುಂದುವರಿಸಿದ.

ಪ್ರಾಣಿಗಳು ಇರುವೆ ತೊಳೆದುಕೊಳ್ಳಲು ಹಳ್ಳಕ್ಕೆ ಓಡಿದವು. ಅಲ್ಲಿ ಸೂಜವ್ವ ಹೊಸದಾಗಿ ಅರೆದ ಗಂಧವನ್ನು, ಹೊನ್ನಿ ಕರೆತಂದಿದ್ದ ಮರಿಯ ಹಣೆಗೆ ಹಚ್ಚುತ್ತಿದ್ದಳು. ಮರಿಯ ನಡುಕ ಮೆಲ್ಲಗೆ ಇಳಿಯಿತು. ಅದು ಎದ್ದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ನಕ್ಕಿದ್ದವರೆಲ್ಲ ತಲೆ ತಗ್ಗಿಸಿದರು.

ಕೊನೆಗೆ ಗಂಧಣ್ಣನೂ ಕುಂಟುತ್ತಾ ಬಂದ. "ತಪ್ಪಾಯ್ತು ಅಕ್ಕ," ಎಂದ.

"ಮೊದಲು ಅವರವರ ಹಣ್ಣು ಅವರವರಿಗೆ ಕೊಡು. ಆಮೇಲೆ ಬಂದು ಬೇರು ಅಗಿ," ಎಂದಳು ಸೂಜವ್ವ.

ಗಂಧಣ್ಣ ಸಂಜೆಯವರೆಗೂ ಅಗೆದ. ಉಗುರು ಸವೆಯಿತು, ಸೊಂಟ ನೋಯಿತು. "ಇದರಲ್ಲಿ ಇಷ್ಟು ಕಷ್ಟ ಇದೆ ಅಂತ ಗೊತ್ತಿರಲಿಲ್ಲ," ಎಂದು ಗೊಣಗಿದ.

"ಇನ್ನೂ ತೊಳೆಯೋದಿದೆ, ಅರೆಯೋದಿದೆ," ಎಂದು ಸೂಜವ್ವ ನಕ್ಕು ಮುಂದಿನ ಬುಡ ತೋರಿಸಿದಳು.

ನೀತಿ: ಇನ್ನೊಬ್ಬರ ದುಡಿಮೆಯನ್ನು ಕದ್ದು ಹೆಸರು ಗಳಿಸಿದವನ ಬಣ್ಣ, ಕದ್ದದ್ದು ಮುಗಿದ ಕೂಡಲೇ ಬಯಲಾಗುತ್ತದೆ.